ಅಮೆರಿಕ ಅಷ್ಟು ಶ್ರೀಮಂತ ದೇಶ, ಅಲ್ಲೂ ಬಡವರು ಯಾಕಿದ್ದಾರೆ?

ತಲಾ ಆದಾಯ ಬರೀ ಸರಾಸರಿ. ಅಥಣಿಯ ಒಂದು ಓಣಿಯಲ್ಲಿ ಒಂಬತ್ತು ಮನೆಗೆ ತಿಂಗಳಿಗೆ 15 ಸಾವಿರ, ಹತ್ತನೆಯದಕ್ಕೆ 10 ಲಕ್ಷ ಬಂದರೆ ಸರಾಸರಿ 1,13,500 ರೂಪಾಯಿ. ಆ ಒಂಬತ್ತು ಮನೆಯವರು ಅಷ್ಟು ದುಡ್ಡು ಕಂಡೇ ಇರುವುದಿಲ್ಲ! ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ಜೋಡಿಸಿ, ನಡುವೆ ಬರುವ ಮನೆಯ ಆದಾಯ ನೋಡಬೇಕು.

ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಏರಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೂ 15,080 ಡಾಲರ್. ಹಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ, ಟೆಕ್ಸಾಸ್‌ನಲ್ಲಿ ಇಲ್ಲ. ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ಬಾಡಿಗೆ, ಆಸ್ಪತ್ರೆ ಬಿಲ್ಲು ಎಲ್ಲವೂ ಡಾಲರಿನಲ್ಲೇ.

ನನ್ನ ಪ್ರಕಾರ ಅಸಲಿ ಗಂಟು ಶಾಲೆಯದು. ಸರ್ಕಾರಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ; ಮಗು ಯಾವ ಶಾಲೆಗೆ ಎಂಬುದೂ ಸಾಮಾನ್ಯವಾಗಿ ಮನೆ ಇರುವ ಜಾಗದ ಮೇಲೆ ನಿಗದಿ. ರಾಜ್ಯದ ನೆರವು ಒಂದಿಷ್ಟು ಸರಿದೂಗಿಸಿದರೂ, ದುಬಾರಿ ಬಾಡಿಗೆ ಕಟ್ಟಲಾಗದವರ ಮಕ್ಕಳು ಒಳ್ಳೆಯ ಶಾಲೆಯ ಸರಹದ್ದಿನೊಳಗೇ ಬರುವುದಿಲ್ಲ.