ಸಿಯಾಟಲ್ ಇಳಿಜಾರಿನಲ್ಲಿ ಇಂಗುಗುಂಡಿ?

ಅಮೆರಿಕದ ಸಿಯಾಟಲ್ ನಗರದ ಮ್ಯಾಗ್ನೋಲಿಯಾ ಬಡಾವಣೆಯಲ್ಲಿ ಮನೆ, ಹಿತ್ತಲ ದಿಬ್ಬದ ಮಧ್ಯೆ ಬೇಸಿಗೆಯಲ್ಲೂ ಒದ್ದೆ, ಬೆಂಗಳೂರಿನ ಥರ ಇಂಗುಗುಂಡಿ ತೋಡಿ ಚಾವಣಿ ನೀರು ಇಂಗಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಸುಮಾರು 17,000 ವರ್ಷಗಳ ಹಿಂದೆ ಅಲ್ಲಿ ಹೆಚ್ಚುಕಡಿಮೆ 900 ಮೀಟರ್ ದಪ್ಪದ ಹಿಮರಾಶಿ ಇತ್ತು. ಅದು ಉತ್ತರದಿಂದ ಬರುತ್ತಿದ್ದಾಗ ಅದರ ಮುಂದಿದ್ದ ಸರೋವರದ ತಳದಲ್ಲಿ ಲಾಟನ್ ಜೇಡಿ ಎಂಬ ಜೇಡಿಮಣ್ಣಿನ ಪದರ ಕೂತಿತು. ಅದರ ಮೇಲೆ ಕರಗುನೀರು ಎಸ್ಪರಾನ್ಸ್ ಮರಳು ಎಂಬ ಪದರವನ್ನು ಹರಡಿತು. ಕೊನೆಗೆ ಹಿಮವೇ ಮೇಲೇರಿ ವ್ಯಾಷನ್ ಟಿಲ್ ಅನ್ನು ಒತ್ತಿಟ್ಟಿತು. ಈ ಟಿಲ್ ಬೂದು ಬಣ್ಣದ, ಜಲ್ಲಿ ಬೆರೆತ ಮಣ್ಣು, ಹಾರೆಗೂ ಜಗ್ಗದ ಕಾಂಕ್ರೀಟಿನಂಥದ್ದು.

ಮರಳಿನಲ್ಲಿ ಇಳಿದ ನೀರು ಜೇಡಿಗೆ ತಾಗಿ ಅಡ್ಡ ಹರಿದು ದಿಬ್ಬದ ಬದಿಯಲ್ಲಿ ಹೊರಬರುತ್ತದೆ. ನಿಮ್ಮ ಒದ್ದೆ ಜಾಗ ಬಹುಶಃ ಆ ಸಂಧಿಯೇ. ನಗರದ ಭೂಕುಸಿತಗಳು ಹೆಚ್ಚಾಗಿ ಇದರ ಆಸುಪಾಸಿನಲ್ಲೇ ಆಗುತ್ತವೆ. 1996-97ರ ಚಳಿಗಾಲದಲ್ಲಿ ಹಿಮ ಕರಗಿ, ಮೇಲೆ ಮಳೆಯೂ ಬಿದ್ದು, ದಿಬ್ಬಗಳು ಸಾಲುಸಾಲಾಗಿ ಕುಸಿದಿದ್ದವು. ಇಂಗುಗುಂಡಿ ಮರಳಿನೊಳಗಿನ ನೀರಿನ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ.

ಚಾವಣಿ ನೀರನ್ನು ತೂತಿಲ್ಲದ, ಜೋಡಣೆ ಬಿಗಿಯಾದ ಪೈಪಿನಲ್ಲಿ ನಗರದ ಮಳೆನೀರು ಚರಂಡಿಗೆ ಒಯ್ಯಿರಿ. ಸುಕ್ಕುಸುಕ್ಕಾದ ತೆಳು ಪೈಪ್ ಬೇಡ. ಮಣ್ಣು ಜರುಗಿದರೆ ಕಳಚಿಕೊಂಡು ಒಳಗೊಳಗೇ ಸುರಿಯುತ್ತದೆ. ಕತ್ತರಿಸಿದ ಹುಲ್ಲು, ಎಲೆಗಳನ್ನು ಅಂಚಿನಿಂದ ಕೆಳಗೆ ಚೆಲ್ಲಬೇಡಿ.

ಇಳಿಜಾರು ಶೇ. 40 ಅಥವಾ ಹೆಚ್ಚಿದ್ದು, ಎತ್ತರ ಕನಿಷ್ಠ 10 ಅಡಿ ಇದ್ದರೆ ನಗರದ ನಿಯಮದಲ್ಲಿ ಅದು ಕಡಿದಾದ ಪ್ರದೇಶ. ಅಗೆಯುವ ಮೊದಲು ಪರವಾನಗಿ ವಿಚಾರಿಸಿ, ಮಣ್ಣು, ಇಳಿಜಾರು ಪರೀಕ್ಷಿಸುವ ಭೂತಾಂತ್ರಿಕ (ಜಿಯೋಟೆಕ್ನಿಕಲ್) ಎಂಜಿನಿಯರರಿಗೆ ತೋರಿಸಿ; ಅದೂ ಚಳಿಗಾಲದ ಮಳೆಯಲ್ಲೇ ಕರೆಸಿದರೆ ಒಳ್ಳೆಯದು.