ಪ್ಲಾಸ್ಮಾ ಇಗ್ನಿಷನ್ ಕಿಟ್ ಹಾಕಿಸಿದ್ರೆ ಮೈಲೇಜ್ ಹೆಚ್ಚಾಗ್ತದಾ?

ಪ್ರಶ್ನೆ: ನಂದು 2016ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಓಡಾಟ, ತಿಂಗಳಿಗೆ ಸಾವಿರ ಕಿಲೋಮೀಟರ್ ಆಗ್ತದೆ, ಮೈಲೇಜ್ 15. ಮಳೆ ಶುರುವಾದ್ಮೇಲೆ ಬೆಳಿಗ್ಗೆ ಇಂಜಿನ್ ತಡವರಿಸಿ ಮಿಸ್ಸಿಂಗ್ ಹೊಡೀತಾ ಉಂಟು. ಆಕ್ಸೆಸರೀಸ್ ಅಂಗಡಿಯವರು ಕಿಡಿ ಜೋರು ಮಾಡುವ 8,000 ರೂಪಾಯಿಯ ಪ್ಲಾಸ್ಮಾ ಕಿಟ್ ತೋರಿಸಿ ಮಿಸ್ಸಿಂಗೂ ಹೋಗ್ತದೆ, ಮೈಲೇಜೂ 20 ಪರ್ಸೆಂಟ್ ಏರ್ತದೆ ಅಂತಾರೆ. ಹಾಕಿಸ್ಬಹುದಾ?

ಉತ್ತರ: ಬೇಡ ಮಾರಾಯ್ರೆ, ಹಾಕಿಸ್ಬೇಡಿ. ನಿಮ್ಮ ಮಿಸ್ಸಿಂಗ್‌ಗೆ ಬೇರೆ ಕಾರಣ ಇರ್ಬೇಕು, ಅದನ್ನು ಆಮೇಲೆ ಹೇಳ್ತೇನೆ.

ಮೊದಲು ಮೈಲೇಜ್ ವಿಷಯ. ಈಗಿರುವ ಇಗ್ನಿಷನ್ ಕಾಯಿಲ್ಲೇ ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು ಮೂವತ್ತು ಸಾವಿರ ವೋಲ್ಟಿಗೆ ಏರಿಸಿ ಕಿಡಿ ಹಾರಿಸ್ತದೆ, ಇಂಜಿನ್ ಸರಿ ಇದ್ರೆ ಒಳಗೆ ಹೋದ ಪೆಟ್ರೋಲ್ ಹೆಚ್ಚುಕಮ್ಮಿ ಪೂರ್ತಿ ಉರಿದೇ ಹೋಗ್ತದೆ. ನಷ್ಟ ಆಗುವುದು ರೇಡಿಯೇಟರಲ್ಲಿ, ಸೈಲೆನ್ಸರಲ್ಲಿ ಬಿಸಿಯಾಗಿ. ಕಿಡಿ ಎಷ್ಟು ಜೋರು ಮಾಡಿದ್ರೂ ಆ ಬಿಸಿ ವಾಪಸ್ ಸಿಗ್ಲಿಕ್ಕಿಲ್ಲ.

ಹಾಗಂತ ಹೊಸ ಇಗ್ನಿಷನ್ ಎಲ್ಲಾ ಸುಳ್ಳು ಅಂತಲ್ಲ, ಕೊರೋನಾ (ಒಂದೇ ಕಿಡಿಯ ಬದಲು ಕವಲೊಡೆದ ವಿದ್ಯುತ್ ಎಳೆಗಳಿಂದ ಉರಿಸುವುದು), ಲೇಸರ್, ಪ್ರಿ-ಚೇಂಬರ್ (ಪಕ್ಕದ ಪುಟ್ಟ ಕೋಣೆಯಲ್ಲಿ ಮೊದಲು ಬೆಂಕಿ ಹಚ್ಚಿ ಸಿಲಿಂಡರಿಗೆ ಬಿಡುವುದು) ಎಲ್ಲಾ ನಿಜವಾದ ಇಂಜಿನಿಯರಿಂಗೇ. ಆದ್ರೆ ಅದರ ಉದ್ದೇಶ ಬೇರೆ. ಸಾಮಾನ್ಯ ಇಂಜಿನಲ್ಲಿ ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಲೆಕ್ಕ, ಗಾಳಿ ಅದಕ್ಕಿಂತ ತುಂಬಾ ಜಾಸ್ತಿ ಕೊಟ್ಟು ಉರಿಸಿದ್ರೆ ಮೈಲೇಜ್ ಸಿಗ್ತದೆ, ಆದ್ರೆ ಅಷ್ಟು ತೆಳು ಮಿಶ್ರಣಕ್ಕೆ ಒಂದು ಸಣ್ಣ ಕಿಡಿಯಿಂದ ಬೆಂಕಿ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಇದೆಲ್ಲಾ ಹುಡುಕಾಟ. ಹೋಂಡಾದವರು 1970ರ ದಶಕದಲ್ಲೇ ಸಿವಿಕ್‌ನಲ್ಲಿ ಪ್ರಿ-ಚೇಂಬರ್ ಇಟ್ಟಿದ್ರು. ಮಾಜ್ದಾದವರು 2019ರಲ್ಲಿ ತೆಳು ಮಿಶ್ರಣವನ್ನು ಕಿಡಿ ಮತ್ತು ಒತ್ತಡ ಎರಡೂ ಸೇರಿಸಿ ಉರಿಸುವ ಸ್ಕೈಆಕ್ಟಿವ್-ಎಕ್ಸ್ ತಂದ್ರು, ಅದಕ್ಕೆ 16ರ ಆಸುಪಾಸಿನ ಕಂಪ್ರೆಷನ್ (ಮಿಶ್ರಣವನ್ನು ಹದಿನಾರನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತುವುದು), ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್, ಸಿಲಿಂಡರಿಗೊಂದು ಪ್ರೆಶರ್ ಸೆನ್ಸರ್ ಎಲ್ಲಾ ಬೇಕಾಯ್ತು. ಇನ್ನೊಂದು ತಲೆಬಿಸಿ ಏನಂದ್ರೆ ತೆಳು ಮಿಶ್ರಣದ ಹೊಗೆಯಲ್ಲಿ ಬರುವ ನೈಟ್ರೋಜನ್ ಆಕ್ಸೈಡನ್ನು ನಮ್ಮ ಕಾರಿನ ಹೊಗೆ ಶುದ್ಧ ಮಾಡುವ ಮಾಮೂಲಿ ಕ್ಯಾಟಲಿಟಿಕ್ ಕನ್ವರ್ಟರ್ ತಡೀಲಿಕ್ಕೆ ಆಗುವುದಿಲ್ಲ, ಅದಕ್ಕೆ ಮತ್ತೆ ಬೇರೆ ಖರ್ಚು.

ನಿಮ್ಮ ಕಾರಿನ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಹೊಗೆಯ ದಾರಿಯ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಮಿಶ್ರಣವನ್ನು ಅದೇ 14.7ರ ಹಳೇ ಲೆಕ್ಕಕ್ಕೇ ತಂದು ನಿಲ್ಲಿಸ್ತದೆ, ಹೊರಗಿಂದ ಕಟ್ಟಿದ ಕಿಟ್ ಅದನ್ನೆಂತ ಬದಲಾಯಿಸ್ತದೆ? ಲೆಕ್ಕ ಹಾಕಿ. ಪೆಟ್ರೋಲ್ ಲೀಟರಿಗೆ ಸುಮ್ಮನೆ 100 ರೂಪಾಯಿ ಇಟ್ಕೊಂಡ್ರೂ ನಿಮ್ಮ ತಿಂಗಳ ಖರ್ಚು 6,700ರ ಹತ್ತಿರ, ಒಂದು ವೇಳೆ ಕಿಟ್‌ನಿಂದ 2 ಪರ್ಸೆಂಟ್ ಮೈಲೇಜ್ ಬಂತು ಅಂತಲೇ ಇಟ್ಕೊಳ್ಳಿ, ಉಳಿಯುವುದು ತಿಂಗಳಿಗೆ 130 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರ್ಲಿಕ್ಕೇ ಐದು ವರ್ಷ ಬೇಕು.

ಈಗ ಮಿಸ್ಸಿಂಗ್. ನಮ್ಮ ಕರಾವಳಿಯಲ್ಲಿ ಇದು ಮಳೆಗಾಲದ ಮಾಮೂಲಿ ಕಾಯಿಲೆ. ಮಾವಿನ ಮರ ಹಲಸಿನ ಮರದ ಅಡಿ ಕಾರು ನಿಲ್ಸಿದ್ರೆ ಮುಂದಿನ ಗ್ಲಾಸಿನ ಬುಡದಲ್ಲಿ ನೀರು ಹೋಗುವ ದಾರಿಗೆ ಎಲೆ ಕಟ್ಟಿಕೊಳ್ತದೆ, ಎಷ್ಟೋ ಕಾರಲ್ಲಿ ಆ ನೀರು ನೇರ ಇಂಜಿನ್ ಮೇಲೆಯೇ ತೊಟ್ಟಿಕ್ಕಿ ಸ್ಪಾರ್ಕ್ ಪ್ಲಗ್ ಕೂತಿರುವ ಗುಂಡಿಗೆ ಇಳೀತದೆ. ಪ್ಲಗ್ ಮೇಲೆ ಕೂತಿರುವ ಕಾಯಿಲ್ ಎತ್ತಿ ನೋಡಿ, ರಬ್ಬರ್ ಬೂಟಿನ ಒಳಗಿನ ಸ್ಪ್ರಿಂಗಿಗೆ ತುಕ್ಕು ಇರಬಹುದು, ಪ್ಲಗ್ಗಿನ ಬಿಳೀ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ಪೆನ್ಸಿಲಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ ಕಂಡ್ರೆ ಕಿಡಿ ಒಳಗೆ ಹಾರದೆ ಅಲ್ಲಿಂದಲೇ ಇಂಜಿನ್ ಹೆಡ್ಡಿನ ಲೋಹಕ್ಕೆ ಜಾರ್ತಾ ಉಂಟು ಅಂತ ಅರ್ಥ. ಅಂಥ ಪ್ಲಗ್ಗೂ ಬೂಟೂ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಒಂದೇ ಬದಲಾಯಿಸಿದ್ರೆ ಹಳೇದು ಹೊಸದನ್ನೂ ಹಾಳು ಮಾಡ್ತದೆ. ಕಾಯಿಲ್ ಮೇಲೆ ಡೌಟ್ ಇದ್ರೆ ಅದನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡ್ಲಿಕ್ಕೆ ಹೇಳಿ, ಮಿಸ್ಸಿಂಗ್ ಅದರ ಜೊತೆಗೇ ಹೋದ್ರೆ ಕಾಯಿಲ್ ಹೋಗಿದೆ.

ಪ್ಲಗ್ ಹಾಕಿಸುವಾಗ ಇರಿಡಿಯಂ ಕೇಳಿ, ನಿಕ್ಕಲ್‌ಗಿಂತ ಮೂರ್ನಾಲ್ಕು ಪಟ್ಟು ರೇಟ್ ಇದ್ರೂ ಬೇಗ ಸವೆಯುವುದಿಲ್ಲ, ಲಕ್ಷ ಕಿಲೋಮೀಟರಿನವರೆಗೂ ಬಾಳಿಕೆ ಬರ್ತದೆ. ನಂಬರ್ ಮಾತ್ರ ಮ್ಯಾನ್ಯುಯಲಲ್ಲಿ ಇರುವುದೇ ಆಗ್ಬೇಕು, ವೈರ್ ಬ್ರಶ್ಶಲ್ಲಿ ಉಜ್ಜಿಸ್ಲೇಬೇಡಿ. ಇಂಜಿನ್ ಮೇಲೆ ಪ್ರೆಶರ್ ನೀರು ಬಿಡ್ಲಿಕ್ಕೂ ಬಿಡ್ಬೇಡಿ.

ರಿಪೇರಿ ಆಗುವವರೆಗೆ ಮೀಟರಲ್ಲಿ ಚೆಕ್ ಇಂಜಿನ್ ಲೈಟ್ ಮಿಣುಕಿದ್ರೆ ಗಾಡಿ ಅಲ್ಲೇ ಸೈಡಿಗೆ ಹಾಕಿ, ಹೇಗೂ ಮನೆ ಹತ್ತಿರ ಅಂತ ಓಡಿಸ್ಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಒಳಗಿನ ಜೇನುಗೂಡಿನಂಥ ಜಾಲರಿಯೇ ಕರಗಿ ಹೋಗ್ಬಹುದು, ಆಗ ಬಿಲ್ ಹತ್ತಾರು ಸಾವಿರಕ್ಕೆ ಹೋಗ್ತದೆ.