ರಾತ್ರಿ ಸಿರಪ್ ಜೊತೆಗೆ ಡೋಲೋ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೆಜಮಾನರಿಗೆ 68 ವರ್ಷ. ಬಿಪಿ ಇದೆ, ಪ್ರಾಸ್ಟೇಟ್ ತೊಂದರೆಯೂ ಇದೆ. ಹೋದ ತಿಂಗಳು ನೆಗಡಿ, ಜ್ವರ ಬಂದಾಗ ದಿನಕ್ಕೆ ಮೂರು ಡೋಲೋ 650, ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ನೆಗಡಿ ಮಾತ್ರೆ ಮೂರು, ರಾತ್ರಿಗೆ ಮಗಳು ಅಮೆರಿಕದಿಂದ ತಂದ ಸಿರಪ್ ಒಂದು ಕಪ್ ಕೊಟ್ಟೆ. ಬಾಟಲಿ ಮೇಲೆ ಅಸಿಟಮಿನೋಫೆನ್ 650, ಡಾಕ್ಸಿಲಮೈನ್ 12.5, ಡೆಕ್ಸ್ಟ್ರೋಮೆಥಾರ್ಫಾನ್ ಅಂತಿದೆ. ಒಳ್ಳೆ ನಿದ್ದೆ ಬಂತು. ಆದರೆ ಎರಡು ರಾತ್ರಿ ಮೂತ್ರ ಸರಿಯಾಗಿ ಹೋಗಲಿಲ್ಲ, ವಯಸ್ಸಾಯಿತಲ್ಲ ಅಂದುಕೊಂಡೆವು. ಅರ್ಧ ಬಾಟಲಿ ಉಳಿದಿದೆ. ಮತ್ತೆ ನೆಗಡಿ ಆದರೆ ಹೀಗೇ ಕೊಡಬಹುದಾ? ಏಳು ವರ್ಷದ ಮೊಮ್ಮಗನಿಗೆ ಅರ್ಧ ಕಪ್ ಹಾಕಬಹುದಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಅಮ್ಮಾ, ಬಾಟಲಿ ಮೇಲಿರುವುದನ್ನು ನೋಡಿ ಬರೆದಿರಲ್ಲ, ಬಹಳ ಒಳ್ಳೆಯದಾಯಿತು. ಅಸಿಟಮಿನೋಫೆನ್ ಅಂದರೆ ನಮ್ಮ ಪ್ಯಾರಸಿಟಮಾಲೇ. ಅಮೆರಿಕದಲ್ಲಿ ಆ ಹೆಸರು, ಇಲ್ಲಿ ಈ ಹೆಸರು. ಡೋಲೋದಲ್ಲಿರುವುದೂ ಅದೇ. ಅಂಗಡಿಯ ನೆಗಡಿ ಮಾತ್ರೆಯಲ್ಲೂ ಸಾಮಾನ್ಯವಾಗಿ 500 ಮಿಲಿಗ್ರಾಂ ಅದೇ ಇರುತ್ತದೆ. ಈಗ ಕೂಡಿಸಿ ನೋಡಿ. ಡೋಲೋದಿಂದ 1950, ನೆಗಡಿ ಮಾತ್ರೆಯಿಂದ 1500, ಸಿರಪ್‌ನಿಂದ 650. ಒಟ್ಟು 4100. ಗಟ್ಟಿಮುಟ್ಟಾದ ದೊಡ್ಡವರಿಗೂ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು. ವಯಸ್ಸಾದವರಿಗೆ ನಾನು 3000ಕ್ಕೇ ನಿಲ್ಲಿಸುತ್ತೇನೆ. ಜಾಸ್ತಿ ಆದರೆ ಪೆಟ್ಟು ಬೀಳುವುದು ಲಿವರ್‌ಗೆ. ಮೊದಲ ದಿನ ಏನೂ ಗೊತ್ತಾಗದೇ ಇರಬಹುದು, ಅದೇ ಭಯ. ತೀರಾ ಹೆಚ್ಚು ಹೊಟ್ಟೆಗೆ ಹೋಗಿದೆ ಅನ್ನಿಸಿದರೆ ವಾಂತಿ ಬರಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದಕ್ಕೆ ಮದ್ದಿದೆ, ಎಂಟು ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಆ ಮೂತ್ರದ ವಿಷಯ. ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ನಿದ್ದೆ ಬರಿಸಿದ್ದು ಡಾಕ್ಸಿಲಮೈನ್. ಅಂಗಡಿ ಮಾತ್ರೆಗಳಲ್ಲಿ ಅದರ ಜಾತಿಯದೇ ಕ್ಲೋರ್‌ಫೆನಿರಮೈನ್ ಇರುತ್ತದೆ. ಇವು ಮೂತ್ರಚೀಲ ಹಿಂಡುವ ಶಕ್ತಿಯನ್ನು ಕಡಿಮೆ ಮಾಡುತ್ತವೆ. ಮೂಗು ಬಿಡಿಸಲು ಸೇರಿಸುವ ಫಿನೈಲ್‌ಎಫ್ರಿನ್ ಮೂತ್ರ ಹೊರಬರುವ ದಾರಿಯನ್ನೇ ಬಿಗಿ ಮಾಡುತ್ತದೆ, ಬಿಪಿಯನ್ನೂ ಏರಿಸಬಹುದು. ಪ್ರಾಸ್ಟೇಟ್ ದಪ್ಪ ಆದವರಿಗೆ ಇಷ್ಟು ಸಾಕು, ಮೂತ್ರ ಕಟ್ಟಿಕೊಳ್ಳುತ್ತದೆ.

ನಮ್ಮ ತಂದೆಗೂ ಹೀಗೇ ಆಗಿತ್ತು. ನೆಗಡಿಗೆ ಅಂತ ಎರಡು ಮಾತ್ರೆ ನುಂಗಿ ಮಲಗಿದ್ದರು. ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಯಲ್ಲಿ ಗೋಡೆಗೆ ಕೈ ಕೊಟ್ಟು ನಿಂತಿದ್ದರು. ಕಿಬ್ಬೊಟ್ಟೆ ತೆಂಗಿನಕಾಯಿ ಹಾಗೆ ಗಟ್ಟಿಯಾಗಿತ್ತು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದ ಮೇಲೇ ಅವರು ಮಾತಾಡಿದ್ದು. ಅವರು ನುಂಗಿದ್ದು ಏನು ಅಂತ ನೋಡೋಣ ಅಂದರೆ ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರು, ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದಿತ್ತು. ಅವತ್ತಿನಿಂದ ಕ್ಲಿನಿಕ್‌ಗೆ ಬಂದವರಿಗೆಲ್ಲ ಹೇಳುತ್ತೇನೆ: ಹೆಸರಿರುವ ತುಂಡೇ ಕೇಳಿ, ಕೊಡದಿದ್ದರೆ ಚೀಟಿಯಲ್ಲಿ ಬರೆಸಿಕೊಳ್ಳಿ.

ಹಾಗಾಗಿ ಯಜಮಾನರಿಗೆ ಆ ಸಿರಪ್ ಬೇಡವೇ ಬೇಡ. ನಿದ್ದೆಯ ಮಂಪರಿನಲ್ಲಿ ರಾತ್ರಿ ಎದ್ದು ಬಿದ್ದರೆ ಇನ್ನೊಂದು ಕಷ್ಟ. ಬೆಳಿಗ್ಗೆ ಸ್ಕೂಟರ್ ತೆಗೆಯುವಾಗಲೂ ಆ ಮಂಪರು ಉಳಿದಿರಬಹುದು. ಇಂಥ ಕೆಲವು ಸಿರಪ್‌ಗಳಲ್ಲಿ ಆಲ್ಕೋಹಾಲ್ ಕೂಡ ಇರುತ್ತದೆ.

ಮುಂದಿನ ಸಲ ಜ್ವರ ಬಂದರೆ ಡೋಲೋ ಒಂದೇ ಸಾಕು. ಆರರಿಂದ ಎಂಟು ಗಂಟೆ ಬಿಟ್ಟು ಕೊಡಿ, ದಿನಕ್ಕೆ ಮೂರು. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಹಾಕಿ. ದಿಂಬು ಎತ್ತರಿಸಿ ಮಲಗಿಸಿ. ಕೆಮ್ಮಿಗೆ ಬಿಸಿನೀರು, ಒಂದು ಚಮಚ ಜೇನುತುಪ್ಪ (ಸಕ್ಕರೆ ಕಾಯಿಲೆ ಇಲ್ಲದಿದ್ದರೆ). ಬಿಪಿ ಮಾತ್ರೆ ಮಾತ್ರ ಬಿಡಿಸಬೇಡಿ. ಮೂರು ದಿನ ದಾಟಿದರೂ ಜ್ವರ ಇಳಿಯದಿದ್ದರೆ, ಉಸಿರಿಗೆ ಕಷ್ಟ ಆದರೆ ಡಾಕ್ಟರಿಗೆ ತೋರಿಸಿ. ಮೂತ್ರ ಪೂರ್ತಿ ನಿಂತರೆ ಬೆಳಗಾಗಲಿ ಅಂತ ಕಾಯುವುದು ಬೇಡ, 108ಕ್ಕೆ ಫೋನ್ ಮಾಡಿ.

ಮೊಮ್ಮಗನಿಗೆ ಕಾಲು ಕಪ್ಪೂ ಬೇಡ. ಅದು ದೊಡ್ಡವರ ಔಷಧಿ, ಮಕ್ಕಳಿಗೆ ತೂಕ ನೋಡಿ ಕೊಡಬೇಕು. ಉಳಿದ ಅರ್ಧ ಬಾಟಲಿ ಅವನ ಕೈಗೆ ಎಟುಕದ ಹಾಗೆ ಅಟ್ಟದ ಮೇಲಿಡಿ. ಮುಂದಿನ ಸಲ ಪ್ರಾಸ್ಟೇಟ್ ಡಾಕ್ಟರ ಹತ್ತಿರ ಹೋದಾಗ ಆ ಎರಡು ರಾತ್ರಿಯ ವಿಷಯ ಹೇಳಿ. ಯಜಮಾನರು ತಾವಾಗಿ ಹೇಳಲಿಕ್ಕಿಲ್ಲ, ನೀವೇ ಹೇಳಬೇಕು.